ಅಲೆಗೆ ಇಳಿಯೋಕೆ ಯಾವ ಹಲಗೆ?



ಈ ಸಲದ ಯುಗಾದಿ ಊಟದ ಸಾಲಿನಲ್ಲಿ ಗೆಳೆಯರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. "ಏನ್ ಸಾರ್, ಹಲಗೆಗೆ ಹಾಯಿ ಕಟ್ಕೊಂಡು ಸಮುದ್ರಕ್ಕೆ ಹೋಗ್ತೀರಂತೆ! ನನಗೂ ನಮ್ಮ ಹುಡುಗನಿಗೂ ಆಸೆ ಹತ್ತಿದೆ. ಅಲೆಯಲ್ಲಿ ಕಲಿಯೋಕೆ ಯಾವ ಬೋರ್ಡ್ ತಗೋಬೇಕು, ಎರಡು ಮಾತಲ್ಲಿ ಹೇಳಿಬಿಡಿ" ಎಂದರು. ಕೋಸಂಬರಿಯಿಂದ ಶುರು ಮಾಡಿ ಪಾಯಸ ಬರುವವರೆಗೂ ಹೇಳಿದೆ, ಮುಗಿಯಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದ್ದರಿಂದ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಲೆಗಳಲ್ಲಿ ವಿಂಡ್‌ಸರ್ಫಿಂಗ್ ಕಲಿಯಲು ಹೊರಟವರು ಅಲೆಯ ಶೂರರು ಬಳಸುವ ಪುಟ್ಟ ಬೋರ್ಡನ್ನು ಕೊಳ್ಳಲೇಬಾರದು. ಗಾಳಿ ಕೈಕೊಟ್ಟಾಗಲೂ ನಮ್ಮನ್ನು ತೇಲಿಸಿ ದಡಕ್ಕೆ ತರುವ ಬೋರ್ಡ್ ಕೊಳ್ಳಬೇಕು. ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೋಗಲು ಒಂದು ಇಡೀ ಮಧ್ಯಾಹ್ನ ತಣ್ಣೀರಿನಲ್ಲಿ ನೆನೆಯಬೇಕಾಯಿತು.

ನಾನು ಹಾಸನದ ಕಡೆಯವನು. "ಕೆರೆ ಕಡೆ ಹೋದ್ರೆ ಕಾಲು ಮುರೀತೀನಿ" ಅನ್ನುವ ಮಾತು ಕೇಳಿಕೊಂಡು ಬೆಳೆದವನು. ಈಜು ಕಲಿತದ್ದು ನಲವತ್ತರ ಹತ್ತಿರ, ಹೌನ್ಸ್ಲೋದ ಈಜುಕೊಳದಲ್ಲಿ, ಏಳು ವರ್ಷದ ಮಗಳ ಜೊತೆಗೆ, ಅವಳಿಗಿಂತ ನಿಧಾನವಾಗಿ. ಆಮೇಲೆ ಅವಳು ಶಾಲೆಯ ಗೆಳತಿಯರ ಜೊತೆ ಕ್ವೀನ್ ಮೇರಿ ಜಲಾಶಯದಲ್ಲಿ ವಿಂಡ್‌ಸರ್ಫಿಂಗ್ ಶುರು ಮಾಡಿದಳು. ಹೀಥ್ರೋಗೆ ಇಳಿಯುವಾಗ ವಿಮಾನದ ಕಿಟಕಿಯಿಂದ ದೊಡ್ಡ ದೊಡ್ಡ ಕೆರೆಗಳು ಕಾಣುತ್ತವಲ್ಲ, ಅವುಗಳಲ್ಲಿ ಒಂದು ಅದು. ಲಂಡನ್ನಿಗೆ ನೀರು ಕೂಡಿಡಲು ಕಟ್ಟಿ 1925ರಲ್ಲಿ ತೆರೆದದ್ದು. ಅವಳನ್ನು ಕರೆದುಕೊಂಡು ಹೋಗಿ ಕಾರಿನಲ್ಲಿ ಕೂತು ಪೇಪರ್ ಓದುವ ಬದಲು ನಾನೂ ಕಲಿಯೋಣ ಅಂತ ಸೇರಿಕೊಂಡೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಾಯಿ ಎತ್ತುವುದು, ತಿರುಗುವುದು, ಹಾರ್ನೆಸ್ ಹಾಕಿ ಗಾಳಿಗೆ ಮೈಕೊಡುವುದು, ನೀರಿನಲ್ಲಿ ಮಲಗಿ ಗಾಳಿಯಿಂದಲೇ ಮೇಲೇಳುವ ವಾಟರ್‌ಸ್ಟಾರ್ಟ್, ಎಲ್ಲಾ ಒಂದು ಮಟ್ಟಿಗೆ ಬಂತು.

ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು. "ಅಪ್ಪ, ಸಮುದ್ರಕ್ಕೆ ಹೋಗೋಣ" ಎಂದಳು ಮಗಳು. ನಾನು ರಾತ್ರಿಯೆಲ್ಲಾ ಹವಾಯಿಯ ವಿಡಿಯೋಗಳನ್ನು ನೋಡಿ, ಹಳೇ ಸಾಮಾನಿನ ಜಾಹೀರಾತೊಂದರಲ್ಲಿ ಅರ್ಧ ಬೆಲೆಗೆ 84 ಲೀಟರಿನ ವೇವ್ ಬೋರ್ಡ್ ಕೊಂಡುಬಿಟ್ಟೆ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ನನ್ನವಳು ಕೇಳಿದ್ದು ಒಂದೇ: "ಇದು ಇಷ್ಟು ಚಿಕ್ಕದಿದೆ, ನೀವು ಹಿಡಿಸ್ತೀರಾ?" ನಾನು ನಕ್ಕೆ.

ಅಕ್ಟೋಬರದ ಒಂದು ಶನಿವಾರ ಚಿತ್ರಾನ್ನ, ಮೊಸರನ್ನದ ಡಬ್ಬಿಗಳ ಜೊತೆಗೆ ಎ3 ರಸ್ತೆ ಹಿಡಿದು ಹೇಲಿಂಗ್ ಐಲೆಂಡಿಗೆ ಹೋದೆವು. ನೈಋತ್ಯದ ಗಾಳಿ ಚೆನ್ನಾಗಿತ್ತು, ಸೊಂಟದೆತ್ತರದ ಅಲೆ. ಹೊರಟೆ. ಮೊದಲ ಐದು ನಿಮಿಷ ನಾನೇ ರಾಜ! ದಡದಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿ ಗಾಳಿ ಬಿತ್ತು. ಬೋರ್ಡ್ ಮೆಲ್ಲಗೆ ಮುಳುಗಿ ನನ್ನ ಮಂಡಿಯವರೆಗೆ ನೀರು ಬಂತು, ನಾನು ಬಿದ್ದೆ. ಹಾಯಿ ಎತ್ತೋಣ ಅಂದರೆ ನಿಲ್ಲಲು ಹಲಗೆಯೇ ಮೇಲಿಲ್ಲ. ವಾಟರ್‌ಸ್ಟಾರ್ಟ್ ಮಾಡೋಣ ಅಂದರೆ ಗಾಳಿಯೇ ಇಲ್ಲ. ಅಷ್ಟರಲ್ಲಿ ಉಬ್ಬರದ ಸೆಳೆತ ನನ್ನನ್ನು ಪೂರ್ವಕ್ಕೆ, ಚಿಚೆಸ್ಟರ್ ಹಾರ್ಬರಿನ ಬಾಯಿಯ ಕಡೆಗೆ ಒಯ್ಯತೊಡಗಿತು. ದಡದಲ್ಲಿ ಮಗಳು ಫೋನ್ ಹಿಡಿದು ನಿಂತದ್ದು ಕಾಣುತ್ತಿತ್ತು. ಅವಳ ಮುಖ ಕಾಣುತ್ತಿರಲಿಲ್ಲ, ಆದರೆ ಹೇಗಿರಬಹುದು ಅಂತ ಗೊತ್ತಿತ್ತು.

ಒಬ್ಬ ವಯಸ್ಸಾದ ಇಂಗ್ಲಿಷ್ ಮಹಾಶಯ ತನ್ನ ಅಗಲವಾದ ಹಲಗೆಯ ಮೇಲೆ ಆರಾಮವಾಗಿ ಬಂದು, ಹಗ್ಗ ಎಸೆದು, ನನ್ನನ್ನು ಎಳೆದುಕೊಂಡು ದಡ ಮುಟ್ಟಿಸಿದ. ಬೈಯಲಿಲ್ಲ. ಎರಡೇ ಪ್ರಶ್ನೆ ಕೇಳಿದ. "ನಿನ್ನ ತೂಕ ಎಷ್ಟು?" ಎಪ್ಪತ್ತೆಂಟು ಕಿಲೋ ಅಂದೆ. "ಬೋರ್ಡ್ ಎಷ್ಟು ಲೀಟರ್?" ಎಂಬತ್ತನಾಲ್ಕು ಅಂದೆ. ಅವನು ಒಂದು ಕಡ್ಡಿ ತೆಗೆದುಕೊಂಡು ಒದ್ದೆ ಮರಳಿನ ಮೇಲೆ ಲೆಕ್ಕ ಬರೆದ.

ಆ ಲೆಕ್ಕವೇ ಈ ಲೇಖನದ ಸಾರ. ಒಂದು ಲೀಟರ್ ಗಾತ್ರದ ಬೋರ್ಡ್ ಹೆಚ್ಚು ಕಡಿಮೆ ಒಂದು ಕಿಲೋ ಹೊರುತ್ತದೆ. ನಾನು 78; ಒದ್ದೆಯಾದ ವೆಟ್‌ಸೂಟ್, ಹಾರ್ನೆಸ್ ಎಲ್ಲಾ ಸೇರಿ ಸುಮಾರು 5; ಮಾಸ್ಟ್, ಬೂಮ್, ಹಾಯಿ ಸೇರಿ 8; ಬೋರ್ಡಿನ ಸ್ವಂತ ತೂಕ 7. ಒಟ್ಟು 98. ಉಪ್ಪುನೀರು ಸ್ವಲ್ಪ ಹೆಚ್ಚು ಹೊರುತ್ತದೆ ಅಂದುಕೊಂಡರೂ 84 ಲೀಟರ್ ಅಷ್ಟನ್ನು ತೇಲಿಸಲಾರದು. ವೇಗ ಬಂದಾಗ ಬೋರ್ಡ್ ನೀರಿನ ಮೇಲೆ ಜಾರತೊಡಗುತ್ತದೆ, ಆಗ ಅದನ್ನು ಎತ್ತಿಹಿಡಿಯುವುದು ವೇಗವೇ ಹೊರತು ಲೀಟರಲ್ಲ. ನುರಿತವರು ಸದಾ ವೇಗದಲ್ಲೇ ಇರುತ್ತಾರೆ, ಗಾಳಿ ಬಿದ್ದರೆ ಏನು ಮಾಡಬೇಕೆಂದು ಬಲ್ಲರು. ಕಲಿಯುವವನು ಅರ್ಧ ಹೊತ್ತು ನಿಂತೇ ಇರುತ್ತಾನೆ, ಇಲ್ಲಾ ಬಿದ್ದಿರುತ್ತಾನೆ. ಅದರಲ್ಲೂ ಅಲೆಗಳ ನಡುವಿನ ತಗ್ಗಿನಲ್ಲಿ ಗಾಳಿ ಮತ್ತಷ್ಟು ಕಡಿಮೆ.

ಹಾಗಾದರೆ ಎಷ್ಟು ಲೀಟರ್ ಬೇಕು? ನನ್ನ ಅನುಭವದಲ್ಲಿ ಮೊದಲ ಅಲೆ ಬೋರ್ಡಿಗೆ ನಿಮ್ಮ ತೂಕಕ್ಕೆ 20ರಿಂದ 30 ಸೇರಿಸಿ. ಈಗ ನನ್ನದು 104 ಲೀಟರ್. ಗಾಳಿ ನಿಂತರೆ ಪಾದ ಒದ್ದೆಯಾಗುತ್ತದೆ, ಅಷ್ಟೇ. "ಹಾಗಿದ್ದರೆ ಶಾಲೆಯ 160 ಲೀಟರಿನ ದೊಡ್ಡ ಹಲಗೆಯನ್ನೇ ಸಮುದ್ರಕ್ಕೆ ಒಯ್ಯಬಹುದಲ್ಲ?" ಅಂತ ಕೇಳಬೇಡಿ. ನಿಂತ ನೀರಿನಲ್ಲಿ ಕಲಿಯಲು ಅದೇ ಸರಿ. ಆದರೆ ನೊರೆಯ ಅಲೆ ಅಷ್ಟು ಅಗಲದ ಹಲಗೆಗೆ ಬಡಿದರೆ ಅದು ಬಾಗಿಲು ಕಿತ್ತು ಬಂದ ಹಾಗೆ ನಮ್ಮ ಮೇಲೇ ಬರುತ್ತದೆ, ತಿರುಗಿಸಲೂ ಆಗುವುದಿಲ್ಲ.

ಇವೆರಡರ ನಡುವಿನ ಜಾತಿಗೆ ಅಂಗಡಿಯಲ್ಲಿ ಫ್ರೀವೇವ್ ಅನ್ನುತ್ತಾರೆ. ಕೇಳಬೇಕಾದದ್ದು ಅದನ್ನೇ. ವೇವ್ ಬೋರ್ಡಿನ ತಳ ಬಾಳೆಹಣ್ಣಿನಂತೆ ಹೆಚ್ಚು ಬಾಗಿರುತ್ತದೆ. ಅಲೆಯ ಮುಖದ ಮೇಲೆ ಚೆನ್ನಾಗಿ ತಿರುಗುತ್ತದೆ, ಆದರೆ ವೇಗ ಹಿಡಿಯಲು ಸೋಮಾರಿ. ಫ್ರೀವೇವ್ ತಳ ಸ್ವಲ್ಪ ಚಪ್ಪಟೆ, ಕಡಿಮೆ ಗಾಳಿಗೇ ಓಡುತ್ತದೆ. ನಾವು ನೋಡುವ ಚಿತ್ರಗಳು ಮಾವಿ ದ್ವೀಪದ ಹೊಕಿಪಾದವು, ಅಲ್ಲಿ ಗಾಳಿ ಅಲೆಗೆ ಅಡ್ಡವಾಗಿ ಬೀಸುತ್ತದೆ. ಹೇಲಿಂಗ್, ವೆಸ್ಟ್ ವಿಟರಿಂಗ್ ಕಡೆ ನೈಋತ್ಯದ ಗಾಳಿ ಬಹುಮಟ್ಟಿಗೆ ದಡದ ಕಡೆಗೇ ತಳ್ಳುತ್ತದೆ. ಆ ಗಾಳಿಗೆದುರಾಗಿ ನೊರೆ ದಾಟಿ ಹೊರಗೆ ಹೋಗುವುದೇ ಇಲ್ಲಿ ಅರ್ಧ ವಿದ್ಯೆ. ಅದಕ್ಕೆ ಬೇಗ ಓಡುವ ಹಲಗೆಯೇ ಬೇಕು. ಊರಿಗೆ ತಕ್ಕ ಎತ್ತು, ಅಲ್ಲವೇ?

ಇನ್ನು ಫಿನ್. ಒಂದೇ ಉದ್ದ ಫಿನ್ ಇದ್ದರೆ ಬೇಗ ವೇಗ ಬರುತ್ತದೆ, ಗಾಳಿಗೆದುರು ಹೋಗುವುದು ಸುಲಭ. ಮೂರು ಚಿಕ್ಕ ಫಿನ್ ಇದ್ದರೆ ತಿರುವಿನಲ್ಲಿ ಹಿಡಿತ ಹೆಚ್ಚು, ಆಳವಿಲ್ಲದ ದಡದಲ್ಲಿ ಕಲ್ಲಿಗೆ ತಗಲುವುದು ಕಡಿಮೆ. ಎರಡಕ್ಕೂ ಜಾಗ ಇರುವ ಬೋರ್ಡ್ ಸಿಗುತ್ತದೆ, ಅದನ್ನೇ ಹುಡುಕಿ. ಹಗುರವಾದ ಕಾರ್ಬನ್ ಬೋರ್ಡಿನ ಆಸೆ ಬೇಡ. ಕಲಿಯುವವನ ಮಾಸ್ಟ್ ಬೋರ್ಡಿನ ಮೂತಿಯ ಮೇಲೆ ಬೀಳುವುದು ದಿನನಿತ್ಯದ ಪೂಜೆ. ಸ್ವಲ್ಪ ಭಾರವಾದರೂ ಗಟ್ಟಿಯಾದದ್ದು ಬಾಳುತ್ತದೆ. ಹಳೆಯದು ಕೊಳ್ಳುವುದಾದರೆ ಕಾಲಿಡುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬಿಟ್ಟುಬಿಡಿ. ತಕ್ಕಡಿಯಲ್ಲಿಟ್ಟು ತೂಗಿ, ತಯಾರಕರು ಹೇಳಿದ ತೂಕಕ್ಕಿಂತ ಒಂದೆರಡು ಕಿಲೋ ಹೆಚ್ಚಿದ್ದರೆ ಒಳಗೆ ನೀರು ಕೂತಿರಬಹುದು. ಕಲ್ಲಂಗಡಿ ಹಣ್ಣು ತಟ್ಟಿ ನೋಡಿ ಕೊಳ್ಳುವ ನಮಗೆ ಇದೇನೂ ಹೊಸದಲ್ಲ.

ಇದೇ ಹೇಲಿಂಗ್ ಐಲೆಂಡಿನ ಒಂದು ಕಥೆ ನನಗೆ ಬಹಳ ಇಷ್ಟ. 1958ರಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಕೈಗೆ ಸಿಕ್ಕ ಸಾಮಾನಿನಿಂದ ಹಲಗೆಗೆ ಹಾಯಿ ಕಟ್ಟಿಕೊಂಡು ಅಲ್ಲಿ ಓಡಾಡಿದ್ದ. ಹತ್ತು ವರ್ಷದ ನಂತರ, 1968ರಲ್ಲಿ, ಅಮೆರಿಕದ ಹೊಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ವಿಂಡ್‌ಸರ್ಫರಿಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದರು. ಮುಂದೆ ಅವರ ಕಂಪನಿ ಇಲ್ಲಿ ಟಾಬರ್ ಮರೀನ್ ವಿರುದ್ಧ ದಾವೆ ಹೂಡಿದಾಗ, ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಆ ಹುಡುಗನ ಆಟವನ್ನು ಮುಂದಿಟ್ಟುಕೊಂಡು ಪೇಟೆಂಟ್ ಊರ್ಜಿತವಲ್ಲ ಎಂದಿತು. ನಮ್ಮ ಬಳಗದ ವಕೀಲ ಮಿತ್ರರನ್ನು ಕೇಳಿ, ಇವತ್ತಿಗೂ ಪೇಟೆಂಟ್ ಕಾನೂನು ಓದುವವರು ಈ ಮೊಕದ್ದಮೆ ಓದುತ್ತಾರೆ. ನಾನು ಇದನ್ನು ಹೇಳುವುದು ಬೇರೆ ಕಾರಣಕ್ಕೆ. ಆ ಹುಡುಗನ ಮುಂದೆ ಯಾರ ಚಿತ್ರವೂ ಇರಲಿಲ್ಲ, ಯಾರಂತೆಯೂ ಕಾಣಬೇಕಿರಲಿಲ್ಲ. ಹಲಗೆ ಅವನನ್ನು ಹೊರಬೇಕಿತ್ತು, ಅಷ್ಟೇ.

ನಾನು ಕೊಂಡದ್ದು ಚಿತ್ರ ನೋಡಿ. ಈ ತಪ್ಪು ಬರೀ ನನ್ನದಲ್ಲ ಅನ್ನಿಸುತ್ತದೆ. ಇಲ್ಲಿಗೆ ಬಂದ ನಮ್ಮಲ್ಲಿ ಅನೇಕರಿಗೆ ಎಲ್ಲದರಲ್ಲೂ ಡಬಲ್ ಪ್ರಮೋಷನ್ ಬೇಕು. ಮಗು ಮೂರನೇ ಗ್ರೇಡ್ ಪಿಯಾನೋ ನುಡಿಸುವಾಗ ಐದನೆಯದಕ್ಕೆ ಕಟ್ಟಿಸುತ್ತೇವೆ. ಮುಂದೆ ಆಗಬೇಕಾದವನಿಗೆ ಸಾಮಾನು ಕೊಂಡು, ಈಗ ಇರುವವನನ್ನು ನೀರಿಗೆ ಬಿಡುತ್ತೇವೆ. ಬೇರೆ ಕಡೆ ಇದರಿಂದ ದುಡ್ಡು, ಸಮಯ ಹೋಗಬಹುದು. ಸಮುದ್ರದಲ್ಲಿ ಬೇರೆಯದೇ ಹೋಗಬಹುದು.

ಕಥೆಯ ಕೊನೆ ಇನ್ನೂ ಇದೆ. ಅವತ್ತು ಸಂಜೆ ಮನೆಗೆ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ನಾನು, "ಸಾಕು, ಮಾರಿಬಿಡೋಣ. ಇನ್ನು ಸಮುದ್ರ ಯಾರಿಗೂ ಬೇಡ" ಎಂದೆ. ಕೆರೆ ಕಡೆ ಹೋದ್ರೆ ಕಾಲು ಮುರೀತೀನಿ ಎಂದ ದನಿ ನನ್ನ ಬಾಯಿಂದಲೇ ಬಂದಿತ್ತು. ಮಗಳು ಜಗಳವಾಡಲಿಲ್ಲ. ಒಂದು ಕಾಗದ ತಂದು ಮುಂದಿಟ್ಟಳು. ಅವಳು 50, ವೆಟ್‌ಸೂಟ್ ಮತ್ತು ಹಾರ್ನೆಸ್ 4, ಅವಳ ಚಿಕ್ಕ ಹಾಯಿಯ ಸಾಮಾನು 7, ಬೋರ್ಡ್ 7. ಒಟ್ಟು 68. "ಅಪ್ಪ, ಇದು ನಿನ್ನನ್ನು ಮುಳುಗಿಸಿತು. ನನ್ನನ್ನು ತೇಲಿಸತ್ತೆ."

ಲೆಕ್ಕ ಸರಿಯಾಗಿತ್ತು. ತಪ್ಪು ಹಲಗೆಯದಲ್ಲ, ಅದರ ಮೇಲೆ ನಿಂತವನದು.

ಮರುವರ್ಷ ಅವಳು ಅದೇ 84 ಲೀಟರಿನ ಹಲಗೆಯ ಮೇಲೆ, ನಾನು ನನ್ನ 104ರ ಮೇಲೆ ಅಲೆಗಿಳಿದೆವು. ಅವಳು ಈಗ ನನ್ನ ಮುಂದೆಯೇ ಅಲೆಯ ಮೇಲಿಂದ ತಿರುಗಿ ಬರುತ್ತಾಳೆ. ಟಿವಿಯಲ್ಲಿ ಎಮ್ಮಾ ವಿಲ್ಸನ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದನ್ನು ನೋಡಿ ನೀರಿನಿಂದ ಮೇಲೆದ್ದು ಹಾರುವ ಫಾಯಿಲ್ ಬೋರ್ಡ್ ಬೇಕು ಎಂದಳು. ಅದು ರೇಸಿನ ಸಾಮಾನು, ಅಲೆ ಕಲಿಯುವುದಕ್ಕಲ್ಲ, ಅದರ ಸರದಿ ಆಮೇಲೆ ಎಂದೆ. ಈ ಸಲ ನನ್ನ ಮಾತು ಕೇಳಿದಳು!

ಆದ್ದರಿಂದ ಊಟದ ಸಾಲಿನ ಗೆಳೆಯರಿಗೆ ನನ್ನ ಉತ್ತರ ಇದು. ಮೊದಲು ಕ್ವೀನ್ ಮೇರಿಯಲ್ಲೋ ಡಾಕ್‌ಲ್ಯಾಂಡ್ಸಿನಲ್ಲೋ ಬಾಡಿಗೆ ಹಲಗೆಯ ಮೇಲೆ ಕಲಿಯಿರಿ. ವಾಟರ್‌ಸ್ಟಾರ್ಟ್ ಬರುವವರೆಗೆ ಅಲೆಯ ಬೋರ್ಡಿಗೆ ಒಂದು ಪೆನ್ನಿಯನ್ನೂ ಬಿಚ್ಚಬೇಡಿ. ಬಂದ ಮೇಲೆ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಜವಾಗಿ ನಿಂತು, ಬಂದ ಅಂಕಿಯನ್ನು ಒಪ್ಪಿಕೊಂಡು, ಅಂಗಡಿಗೆ ಹೋಗಿ. ಅಪ್ಪ ಮಗ ಇಬ್ಬರಿಗೂ ಒಂದೇ ಬೋರ್ಡ್ ಸಾಕು ಎನ್ನುವ ಉಳಿತಾಯ ಬೇಡ. ಬೇಕಾದರೆ ಎರಡು ಮೂರು ಮನೆಯವರು ಸೇರಿ ಬೇರೆ ಬೇರೆ ಅಳತೆಯವನ್ನು ಕೊಂಡು ಹಂಚಿಕೊಳ್ಳೋಣ, ನಾನೂ ಸೇರುತ್ತೇನೆ. ದಡದಿಂದ ಹೊರಗೆ ಬೀಸುವ ಗಾಳಿಯಲ್ಲಿ ಇಳಿಯಬೇಡಿ. ಒಬ್ಬರೇ ಹೋಗಬೇಡಿ. ಏನೇ ಆದರೂ ಬೋರ್ಡ್ ಬಿಟ್ಟು ಈಜಬೇಡಿ. ದಡದಲ್ಲಿರುವವರಿಗೆ 999 ಒತ್ತಿ ಕೋಸ್ಟ್‌ಗಾರ್ಡ್ ಕೇಳಬೇಕೆಂದು ಹೇಳಿಟ್ಟಿರಿ.

ಮತ್ತೆ, ಹೆದರಿ ಮಕ್ಕಳನ್ನು ತಡೆಯಬೇಡಿ. "ಸಮುದ್ರ ನಮ್ಮಂಥವರಿಗಲ್ಲ" ಅನ್ನುವವರು ಮುಂದಿನ ಸಲ ಊರಿಗೆ ಹೋದಾಗ ಮೂಲ್ಕಿಯ ಕಡೆ ಒಂದು ದಿನ ಹೋಗಿಬನ್ನಿ. 2016ರಲ್ಲಿ ಅಲ್ಲೇ ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಯೇ ನಡೆಯಿತು. ಅಲ್ಲೂ ಹೊಸಬರನ್ನು ಅಲೆಗೆ ಬಿಡುವುದು ಉದ್ದನೆಯ, ದಪ್ಪನೆಯ ಹಲಗೆಯ ಮೇಲೆಯೇ.

ಏನಂತೀರಿ? ಹೇಲಿಂಗಿಗೆ ಬರುವವರು ತಿಳಿಸಿ. ಚಿತ್ರಾನ್ನ ನಮ್ಮದು, ಮೊಸರನ್ನ ನಿಮ್ಮದು.

ಇಂತಿ,
ಹೌನ್ಸ್ಲೋದಿಂದ ನಿಮ್ಮ 104 ಲೀಟರಿನ ಗೆಳೆಯ