ಕಿರ್ದಿಯಿಲ್ಲದ ಖತಾವಣಿ

ಮಿಶ್ರಿಕೋಟಿಯಿಂದ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಹೋಗಿ ಬರುವ ಹುಡುಗನೊಬ್ಬನು ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ತನ್ನ ನೋಟುಪುಸ್ತಕವನ್ನು ನನ್ನ ಮುಂದಿಟ್ಟು, "ಲೆಕ್ಕ ತಿಳಿತೈತ್ರಿ ಕಾಕಾ, ಇದೊಂದು ತಿಳಿವಲ್ದು ನೋಡ್ರಿ" ಎಂದನು. ಪುಟದ ತಲೆಯಲ್ಲಿ 'ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್' ಎಂಬ ಜಾವಾ ಭಾಷೆಯ ಸಾಲು ದುಂಡಾದ ಅಕ್ಷರಗಳಲ್ಲಿತ್ತು. ಇದರ ಅರ್ಥವೇನೆಂದು ತರಗತಿಯಲ್ಲಿ ಕೇಳಿದಾಗ ದೊರೆತ ಉತ್ತರ, "ಈಗ ಹಾಂಗ ಬರಕೋ, ಮುಂದ ತಿಳಿತೈತಿ" ಎಂಬುದು. ಆ 'ಮುಂದ' ಎಂಬುದು ಎರಡು ಸೆಮಿಸ್ಟರು ಕಳೆದರೂ ಬಂದಿರಲಿಲ್ಲ.

ಹಲವು ವರ್ಷ ಪ್ರೋಗ್ರಾಮು ಬರೆದೇ ಅನ್ನ ಉಂಡ ನನಗೆ ಆ ಹುಡುಗನ ಸಂಕಟವು ಅವನ ಮಂದಬುದ್ಧಿಯ ಫಲವೆಂದು ತೋರಲಿಲ್ಲ. ಕಲಿಸುವ ಕ್ರಮವೇ ತಲೆಕೆಳಗಾಗಿರುವುದರ ಫಲವೆಂದು ತೋರಿತು. ಅದನ್ನು ಅವನಿಗೆ ವಿವರಿಸುವಾಗ ನೆರವಿಗೆ ಬಂದುದು, ಹುಬ್ಬಳ್ಳಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಯವರ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳು.

ಅಂಗಡಿಯಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ಒಂದು ಕಿರ್ದಿ, ದಿನದ ವ್ಯವಹಾರವೆಲ್ಲವೂ ನಡೆದ ಅನುಕ್ರಮದಲ್ಲಿಯೇ ಅದರಲ್ಲಿ ದಾಖಲಾಗುವುದು, ಒಮ್ಮೆ ಬರೆದುದನ್ನು ಕೆರೆದು ಅಳಿಸುವಂತಿಲ್ಲ, ತಪ್ಪಾದರೆ ಆ ತಪ್ಪನ್ನು ಸರಿಪಡಿಸುವ ಮತ್ತೊಂದು ನಮೂದನ್ನು ಕೆಳಗೆ ಬರೆಯಬೇಕು. ಇನ್ನೊಂದು ಖತಾವಣಿ, ಅದರಲ್ಲಿ ರೈತನೊಬ್ಬನಿಗೆ ಒಂದು ಖಾತೆ, ಆ ಖಾತೆಗೆ ಒಂದು ಹೆಸರು, ಅದರದೇ ಆದ ಶಿಲ್ಕು, ಮತ್ತು ಆ ಶಿಲ್ಕನ್ನು ಮುಟ್ಟಲು ಜಮಾ, ಖರ್ಚು ಎಂಬ ಎರಡೇ ಬಾಗಿಲು. ವಿಶ್ವವಿದ್ಯಾಲಯಗಳು 'ಆಬ್ಜೆಕ್ಟ್ ಓರಿಯೆಂಟೆಡ್' ಎಂದು ಕಲಿಸುವುದು ಈ ಖತಾವಣಿಯ ಬುದ್ಧಿಯನ್ನು: ಪ್ರತಿಯೊಂದು ವಸ್ತುವೂ ತನ್ನ ಸ್ಥಿತಿಯನ್ನು ತನ್ನೊಳಗೆ ಬಚ್ಚಿಟ್ಟುಕೊಂಡು, ಹೊರಗಿನವರೊಡನೆ ಗೊತ್ತಾದ ಮಾತುಗಳಲ್ಲಿ ಮಾತ್ರ ವ್ಯವಹರಿಸುತ್ತದೆ. 'ಫಂಕ್ಷನಲ್' ಎಂಬುದು ಕಿರ್ದಿಯ ಬುದ್ಧಿ: ಬರೆದುದು ಬದಲಾಗದು, ಅದರ ಮೇಲೆ ಸೋಸು, ಗುಣಿಸು, ಕೂಡು ಎಂಬ ಕ್ರಿಯೆಗಳನ್ನು ಒಂದರ ಮೇಲೊಂದು ನಡೆಸಿ ಬೇಕಾದ ಫಲವನ್ನು ಪಡೆಯುವುದು. ಗೋವಿನಜೋಳ ತಂದವರ ಸಾಲುಗಳನ್ನಷ್ಟೇ ಆರಿಸು, ತೂಕವನ್ನು ದರದಿಂದ ಗುಣಿಸು, ಬಂದುದನ್ನು ಕೂಡು ಎಂದರೆ ಮೂಲದ ಒಂದಕ್ಷರವೂ ಕದಲದೆ ಮೊತ್ತ ಕೈಗೆ ಬರುತ್ತದೆ. ಇನ್ನೊಂದು ವಿಚಾರವನ್ನು ನನ್ನ ತಂದೆಯವರು ಚೆನ್ನಾಗಿ ಬಲ್ಲವರಾಗಿದ್ದರು: ಖತಾವಣಿ ಮಳೆಯಲ್ಲಿ ನೆನೆದು ಹಾಳಾದರೂ ಕಿರ್ದಿಯಿಂದ ಅದನ್ನು ಪುನಃ ಕಟ್ಟಬಹುದು, ಕಿರ್ದಿ ಹೋದರೆ ಖತಾವಣಿಯಿಂದ ಅದನ್ನು ಹುಟ್ಟಿಸಲಾಗದು. ಖತಾವಣಿ ತುಂಬುವುದನ್ನು ಕಲಿಯಬೇಕಾದವನನ್ನು ಹಳೆಯ ಗುಮಾಸ್ತರು ಮೊದಲು ಕಿರ್ದಿಗೆ ಕೂಡಿಸುತ್ತಿದ್ದುದು ಸುಮ್ಮನೆ ಅಲ್ಲ.

ನಮ್ಮ ಪಠ್ಯಕ್ರಮದಲ್ಲಿ ಆಗಿರುವುದಾದರೂ ಏನು? ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಕ್ರಮದಲ್ಲಿ ಕಂಪ್ಯೂಟರ್ ವಿಭಾಗದವರಿಗೆ ಮೂರನೆಯ ಸೆಮಿಸ್ಟರಿನಲ್ಲಿ ಜಾವಾ ಅಥವಾ ಸಿ ಪ್ಲಸ್ ಪ್ಲಸ್ ಮುಖಾಂತರ ಆಬ್ಜೆಕ್ಟಿನ ಪಾಠವಿದೆ. ಅದಕ್ಕೆ ಸಮನಾದ, ಕಡ್ಡಾಯವಾದ ಫಂಕ್ಷನಲ್ ಪಾಠವನ್ನು ನಾನು ಕಂಡಿಲ್ಲ. ಇದು ಒಂದೇ ವಿದ್ಯಾಲಯದ ದೋಷವೆನ್ನುವುದು ಅನ್ಯಾಯವಾದೀತು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯವು ಆರಂಭದ ತರಗತಿಯಿಂದ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯನ್ನು ತೆಗೆದು ಜಾವಾವನ್ನು ತರಲು ಹೊರಟಾಗ, ಡೈಕ್‌ಸ್ಟ್ರಾ ಎಂಬ ಪ್ರಸಿದ್ಧ ವಿದ್ವಾಂಸರು 2001ರಲ್ಲಿ ಹ್ಯಾಸ್ಕೆಲ್ಲನ್ನು ಉಳಿಸಿಕೊಳ್ಳಬೇಕೆಂದು ಅಲ್ಲಿನ ಅಧಿಕಾರಿಗಳಿಗೆ ಪತ್ರ ಬರೆದರು. ಅವರ ಮಾತು ನಡೆಯಲಿಲ್ಲ.

ಎರಡೂ ವಿದ್ಯೆಗಳು ಕುಲೀನವೇ. ಆಬ್ಜೆಕ್ಟಿನ ಬೀಜವನ್ನು ಬಿತ್ತಿದವರು 1960ರ ದಶಕದಲ್ಲಿ ಓಸ್ಲೋ ನಗರದಲ್ಲಿ ಸಿಮ್ಯುಲಾ ಭಾಷೆಯನ್ನು ರಚಿಸಿದ ಡಾಲ್ ಮತ್ತು ನ್ಯೂಗಾರ್ಡ್; ಅದಕ್ಕೆ ಆ ಹೆಸರನ್ನಿಟ್ಟ ಅಲನ್ ಕೇ ಜೀವಶಾಸ್ತ್ರವನ್ನೂ ಓದಿದವರಾದುದರಿಂದ, ಒಂದಕ್ಕೊಂದು ಸಂದೇಶ ಕಳಿಸುವ ಜೀವಕೋಶಗಳ ಚಿತ್ರವೇ ಅವರ ಕಣ್ಣೆದುರಿಗಿತ್ತು. ಫಂಕ್ಷನ್ನಿನ ಮೂಲವಾದರೋ ಇನ್ನೂ ಹಿಂದಿನದು. 1930ರ ದಶಕದಲ್ಲಿ, ಇಂದಿನ ಕಂಪ್ಯೂಟರು ಹುಟ್ಟುವ ಮೊದಲೇ, ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರು ಲ್ಯಾಂಬ್ಡಾ ಗಣಿತವನ್ನು ಕಟ್ಟಿದರು. 1958ರಲ್ಲಿ ಮೆಕಾರ್ಥಿಯವರ ಲಿಸ್ಪ್, 1990ರಲ್ಲಿ ಹ್ಯಾಸ್ಕೆಲ್ ಅದೇ ಬೇರಿನಿಂದ ಚಿಗುರಿದವು. ನನಗೆ ವಿಸ್ಮಯವೆನಿಸುವುದು ಜಾನ್ ಬ್ಯಾಕಸ್ ಅವರ ಸಂಗತಿ. ಫೋರ್ಟ್ರಾನ್ ಎಂಬ ಭಾಷೆಯನ್ನು ನಿರ್ಮಿಸಿದ್ದಕ್ಕಾಗಿಯೂ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದ ಆ ಮಹನೀಯರು, 1977ರ ಪ್ರಶಸ್ತಿ ಉಪನ್ಯಾಸದಲ್ಲಿ, ತಾವೇ ಜನಪ್ರಿಯಗೊಳಿಸಿದ, ಸ್ಥಿತಿಯನ್ನು ತಿದ್ದುತ್ತಲೇ ಸಾಗುವ ಶೈಲಿಯ ಸಂಕೋಲೆಯಿಂದ ಪ್ರೋಗ್ರಾಮ್ ರಚನೆಯನ್ನು ಬಿಡಿಸುವುದು ಸಾಧ್ಯವೇ ಎಂದು ಪ್ರಶ್ನಿಸಿ, ಫಂಕ್ಷನಲ್ ಮಾರ್ಗವನ್ನು ತೋರಿದರು. ತನ್ನ ಕೀರ್ತಿಗೆ ಕಾರಣವಾದುದನ್ನೇ ಹೀಗೆ ಸಭೆಯಲ್ಲಿ ಸಂಶಯಿಸುವ ಧೈರ್ಯವು ಪಂಡಿತರಲ್ಲಿ ವಿರಳ.

ನೌಕರಿಯ ಪೇಟೆಯಲ್ಲಿ ಕೇಳುವುದು ಜಾವಾವನ್ನಲ್ಲವೇ ಎಂಬ ಆಕ್ಷೇಪವು ಸಹಜ, ಬಡ ಮನೆಯ ತಂದೆತಾಯಿಗಳ ಬಾಯಿಂದ ಬಂದಾಗ ಗೌರವಾರ್ಹವೂ ಹೌದು. ಆದರೆ ಜಾವಾ ಭಾಷೆಯೇ 2014ರ ತನ್ನ ಎಂಟನೆಯ ಆವೃತ್ತಿಯಲ್ಲಿ ಲ್ಯಾಂಬ್ಡಾವನ್ನು ಒಳಗೆ ಕರೆದುಕೊಂಡಿತು. ಒಂದೇ ಯಂತ್ರದಲ್ಲಿ ಹಲವು ಸಂಸ್ಕಾರಕಗಳು ಏಕಕಾಲದಲ್ಲಿ ದುಡಿಯುವ ಈ ದಿನಗಳಲ್ಲಿ, ಇಬ್ಬರು ಗುಮಾಸ್ತರು ಒಂದೇ ಕಿರ್ದಿಯನ್ನು ನೋಡಿಕೊಂಡು ಲೆಕ್ಕ ಮಾಡಿದರೆ ಜಗಳವಿಲ್ಲ, ಒಂದೇ ಶಿಲ್ಕನ್ನು ಇಬ್ಬರೂ ತಿದ್ದಲು ಹೊರಟರೆ ಜಗಳ ತಪ್ಪದು ಎಂಬುದನ್ನು ಉದ್ಯಮವೂ ಅರಿತಿದೆ. ನಮ್ಮ ಹುಡುಗನನ್ನು ಕಾಡಿದ ಆ 'ಪಬ್ಲಿಕ್ ಸ್ಟ್ಯಾಟಿಕ್' ಮಂತ್ರವನ್ನೂ, ಆರಂಭದ ವಿದ್ಯಾರ್ಥಿಗಳಿಗೆ ಅದು ಭಾರವೆಂದು ಮನಗಂಡು, ಜಾವಾದ ನಿರ್ಮಾತೃಗಳೇ 2025ರ ಇಪ್ಪತ್ತೈದನೆಯ ಆವೃತ್ತಿಯಲ್ಲಿ ಐಚ್ಛಿಕಗೊಳಿಸಿದ್ದಾರೆ.

ಫಂಕ್ಷನಲ್ ಪಕ್ಷದವರು ಸಾಧುಗಳೇನಲ್ಲ. ಸರಳವಾದುದನ್ನೂ ದುರ್ಬೋಧವಾದ ಪರಿಭಾಷೆಯಲ್ಲಿ ಹೇಳಿ ಹೊಸಬರನ್ನು ಓಡಿಸುವ ಚಟ ಅವರಿಗೂ ಉಂಟು. ನಾನು ಬೇಡುವುದು ಪಕ್ಷಾಂತರವನ್ನಲ್ಲ, ಅನುಕ್ರಮವನ್ನು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವನು ಗಣಿತದಲ್ಲಿ ಇಂತಿಷ್ಟು ಕೊಟ್ಟರೆ ಇಂತಿಷ್ಟೇ ಬರುತ್ತದೆ ಎಂಬ ನಿಯಮವನ್ನು ಪಳಗಿಸಿಕೊಂಡೇ ಬಂದಿರುತ್ತಾನೆ; ಕಾಲೇಜು ಆ ಬಂಡವಾಳದಿಂದ ಅಂಗಡಿ ತೆರೆಯದೆ, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ಪದಗಳ ವ್ಯಾಖ್ಯೆಗಳನ್ನು ಉರುಹೊಡೆಯಿಸುತ್ತದೆ. ಆ ಸಂಜೆ ಹತ್ತು ಸಾಲಿನ ಹ್ಯಾಸ್ಕೆಲ್‌ನಲ್ಲಿ ಗೋವಿನಜೋಳದ ಲೆಕ್ಕವನ್ನು ಮಾಡಿ ತೋರಿಸಿದಾಗ, "ಇಷ್ಟಾ ಏನ್ರಿ?" ಎಂದವನು, ಮರುವಾರ ತಾನಾಗಿಯೇ ಬಂದು, ಖಾತೆಗೆ ಕ್ಲಾಸ್ ಎಂಬ ಆಬ್ಜೆಕ್ಟಿನ ಅಚ್ಚು ಏಕೆ ಬೇಕೆಂಬುದನ್ನು ನನಗೇ ವಿವರಿಸಿದನು.

ಪಠ್ಯಕ್ರಮವನ್ನು ಪರಿಷ್ಕರಿಸುವ ಅಧ್ಯಯನ ಮಂಡಳಿಯ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೆ: ಆಬ್ಜೆಕ್ಟಿನ ಸೆಮಿಸ್ಟರಿಗಿಂತ ಮೊದಲು ಫಂಕ್ಷನಲ್ ಪಾಠಕ್ಕೆ ವಾರಕ್ಕೆ ಮೂರು ತಾಸು ಕೊಡಿರಿ. ಹ್ಯಾಸ್ಕೆಲ್‌ನ ಕಂಪೈಲರು ಉಚಿತ. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಮತ್ತು ಎಸ್. ಪಿ. ಸುರೇಶ್ ಅವರ ಪಾಠಗಳು ಎನ್‌ಪಿಟಿಇಎಲ್ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಈಗಿರುವ ಪ್ರಯೋಗಶಾಲೆಯ ಯಂತ್ರಗಳೇ ಸಾಕು.