ನೆರೆಹೊರೆಯವರು ನೆಯ್ದ ಜಾಲ

ವಿಜ್ಞಾನದ ಕೊಡುಗೆಗಳು ಸರ್ವರಿಗೂ ಸಲ್ಲತಕ್ಕವು ಎಂಬ ಮಾತನ್ನು ವೇದಿಕೆಗಳ ಮೇಲಿಂದ ಎಷ್ಟೋ ಸಲ ಕೇಳಿದ್ದೇವೆ. ಆದರೆ ಅವು ಸಲ್ಲುವುದು ಹಣ ತೆತ್ತವನಿಗೆ ಮಾತ್ರ. ಇಂದು ವಿದ್ಯಾರ್ಥಿವೇತನದ ಅರ್ಜಿಯಿಂದ ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲವೂ ಅಂತರ್ಜಾಲದಲ್ಲಿಯೇ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನಗೆ ಇದರ ಬಿಸಿ ಚೆನ್ನಾಗಿಯೇ ತಟ್ಟಿದೆ. ಹಾಗಾದರೆ ಬಡವರು ಕಂಪೆನಿಗಳ ಕೃಪೆಗಾಗಿ ಕಾದು ಕುಳಿತಿರಬೇಕೆ? ಬೇಕಾಗಿಲ್ಲವೆಂಬುದೇ ನನ್ನ ಅಭಿಪ್ರಾಯ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ರೆಡ್ ಹುಕ್ ಎಂಬ ಕಡಲಂಚಿನ ಬಡಾವಣೆಯಿದೆ. ಕುಬೇರರ ನಗರದಲ್ಲಿಯೂ ಬಡವರುಂಟು. 1939ರಲ್ಲಿ ಅಲ್ಲಿ ತೆರೆದ ಸರಕಾರಿ ವಸತಿ ಸಮುಚ್ಚಯದಲ್ಲಿ ಸಾವಿರಾರು ಜನ ವಾಸವಾಗಿದ್ದಾರೆ. 2011ರ ಸುಮಾರಿಗೆ ರೆಡ್ ಹುಕ್ ಇನಿಶಿಯೇಟಿವ್ ಎಂಬ ಸ್ಥಳೀಯ ಸೇವಾಸಂಸ್ಥೆಯು ಓಪನ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟಿನ ನೆರವಿನಿಂದ ನಿಸ್ತಂತು ಜಾಲವೊಂದನ್ನು ಕಟ್ಟತೊಡಗಿತು. ಇಂಥ ಜಾಲದಲ್ಲಿ ಮಾಳಿಗೆಗಳ ಮೇಲಿನ ಯಂತ್ರಗಳು ಒಂದಕ್ಕೊಂದು ಸಂಕೇತವನ್ನು ದಾಟಿಸುತ್ತವೆ. ಒಂದು ಕೆಟ್ಟರೆ ಸಂಕೇತವು ಇನ್ನೊಂದರ ದಾರಿ ಹಿಡಿಯುತ್ತದೆ. ಇವನ್ನು ಏರಿಸಿ, ಜೋಡಿಸಿ, ದುರಸ್ತಿ ಮಾಡುವ ವಿದ್ಯೆಯನ್ನು ಆ ಸಮುಚ್ಚಯದ ತರುಣ ತರುಣಿಯರಿಗೇ ಕಲಿಸಿದರು. ಅವರೆಲ್ಲ ನಮ್ಮ ವಯಸ್ಸಿನವರು!

ಈ ಕೆಲಸದ ಬೆಲೆ ತಿಳಿದದ್ದು 2012ರ ಅಕ್ಟೋಬರಿನಲ್ಲಿ. ಸ್ಯಾಂಡಿ ಚಂಡಮಾರುತದಿಂದ ಕಡಲು ಬೀದಿಗೆ ನುಗ್ಗಿತು. ಸಮುಚ್ಚಯವು ದಿನಗಟ್ಟಲೆ ಕತ್ತಲೆಯಲ್ಲಿ ಮುಳುಗಿತು. ಸೇವಾಸಂಸ್ಥೆಯ ಕಟ್ಟಡದಲ್ಲಿ ವಿದ್ಯುತ್ತು ಉಳಿಯಿತು, ಜಾಲವೂ ಉಳಿಯಿತು. ಜನರು ಅಲ್ಲಿ ನೆರೆದು ಬಂಧುಗಳಿಗೆ ಸುದ್ದಿ ಮುಟ್ಟಿಸಿದರು. ಕೊನೆಗೆ ಅಮೆರಿಕ ಸರಕಾರದ ವಿಪತ್ತು ನಿರ್ವಹಣಾ ಸಂಸ್ಥೆಯೇ ಉಪಗ್ರಹ ಸಂಪರ್ಕವನ್ನು ತಂದು ಈ ಬಡವರ ಜಾಲಕ್ಕೆ ಜೋಡಿಸಿತು.

"ಇದೆಲ್ಲ ನಾಲ್ಕು ದಿನದ ಉತ್ಸಾಹ" ಎಂದು ಕೆಲವರು ಮೂಗು ಮುರಿಯಬಹುದು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಯಂತ್ರಗಳಿಗೆ ಮಳೆ ಬಿಸಿಲು ತಪ್ಪಿದ್ದಲ್ಲ. ಹೊರಜಗತ್ತಿನ ಸಂಪರ್ಕವನ್ನು ಯಾರಿಂದಲಾದರೂ ಕೊಳ್ಳಲೇಬೇಕು. ವಂತಿಗೆ ನಿಂತರೆ ಜಾಲವೂ ನಿಲ್ಲುತ್ತದೆ. ಆದರೆ ಸಹಕಾರಕ್ಕೆ ಈ ಕಷ್ಟಗಳು ಹೊಸವಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು. ಸಾಲವನ್ನು ಕೂಡಿ ನಿರ್ವಹಿಸಬಲ್ಲವರು ಸಂಪರ್ಕವನ್ನು ಕೂಡಿ ನಿರ್ವಹಿಸಲಾರರೆ?

2020ರ ಡಿಸೆಂಬರಿನಲ್ಲಿ ಭಾರತ ಸರಕಾರ ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಸಣ್ಣ ಅಂಗಡಿಯವನೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಒದಗಿಸಬಹುದು. ಬಾಗಿಲು ತೆರೆದಿದೆ, ಒಳಹೋಗುವವರು ಬೇಕು. ನಾವು ಕಲಾ ವಿಭಾಗದವರು, ಯಂತ್ರದ ಗೊಡವೆ ನಮಗೇಕೆ ಎನ್ನದಿರೋಣ. ಏಣಿ ಹತ್ತುವವನು ಒಬ್ಬನಾದರೆ, ವಂತಿಗೆ ಎತ್ತುವವನು, ಲೆಕ್ಕ ಬರೆಯುವವನು, ಹತ್ತು ಮನೆಗಳನ್ನು ಒಂದುಗೂಡಿಸುವವನು ಬೇರೆ ಬೇರೆ. ಆ ಕೆಲಸಗಳು ನಮ್ಮವೇ ಅಲ್ಲವೆ?