ಹಳೆಯ ಪ್ರಾಣಿಗಳ ಹೊಸ ಬಲ

ರಾತ್ರಿ ಊಟವಾದ ಮೇಲೆ ನಮ್ಮ ವಿದ್ಯಾರ್ಥಿನಿಲಯದ ಜಗಲಿಯಲ್ಲಿ ನಡೆಯುವ ವಾಗ್ವಾದಗಳಲ್ಲಿ ಚುನಾವಣೆಗೂ ಕ್ರಿಕೆಟ್ಟಿಗೂ ಇರುವಷ್ಟೇ ಸ್ಥಾನ ಪೋಕೆಮಾನ್ ಕಾಳಗಕ್ಕೂ ಇದೆ ಎಂದರೆ ಅಧ್ಯಾಪಕ ಮಹಾಶಯರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಿದರೂ ಚಿಂತೆಯಿಲ್ಲ, ವಿಷಯವು ವಿಚಾರಕ್ಕೆ ತಕ್ಕುದೆಂದು ನಂಬಿ ಬರೆಯುತ್ತಿದ್ದೇನೆ. ಇತ್ತೀಚೆಗೆ ಅಲ್ಲಿ ಎದ್ದ ಪ್ರಶ್ನೆ ಇದು: ಈ ಆಟದ ಹಳೆಯ ಪ್ರಾಣಿಗಳಲ್ಲಿ ಕೆಲವು ಹೊಸ ಆವೃತ್ತಿಗಳಲ್ಲಿ ಹಿಂದೆಂದೂ ಇಲ್ಲದ ಬಲವನ್ನು ತೋರಿಸುತ್ತಿರುವುದೇಕೆ? “ಹಳೆಯ ಗಿರಾಕಿಗಳನ್ನು ಉಳಿಸಿಕೊಳ್ಳಲು ಕಂಪನಿಯವರು ತೋರಿಸುವ ದಾಕ್ಷಿಣ್ಯ, ಇನ್ನೇನು?” ಎಂದು ನನ್ನ ಕೋಣೆಯ ಮಿತ್ರನ ವಾದ. ಅದನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಒಂದು ಆಮೆ ಕಾರಣ.

ಈ ಆಟವನ್ನು ಅರಿಯದವರಿಗಾಗಿ ಎರಡು ಮಾತು. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಇದು ಮೊದಲು ಹೊರಬಂದಾಗ ಇದರಲ್ಲಿ 151 ಕಲ್ಪಿತ ಪ್ರಾಣಿಗಳಿದ್ದವು. ಈಗ ಅವು ಸಾವಿರವನ್ನು ಮೀರಿವೆ. ಪ್ರತಿಯೊಂದಕ್ಕೂ ಜೀವಬಲ, ವೇಗ ಮೊದಲಾದ ಆರು ಅಂಕಗಳುಂಟು. ಏಟಿನಲ್ಲಿ ಎರಡು ಬಗೆ: ಕೈಕಾಲು ಹಲ್ಲುಗಳ ದೇಹಬಲದ ಏಟು ಒಂದು, ಜ್ವಾಲೆ ಮಿಂಚುಗಳಂಥ ವಿಶೇಷ ಏಟು ಇನ್ನೊಂದು. ಎರಡಕ್ಕೂ ಅಂಕಗಳು ಬೇರೆ ಬೇರೆ. ಇದಲ್ಲದೆ ನೀರು, ಬೆಂಕಿ, ಭೂತ ಎಂಬಂತೆ ಜಾತಿಗಳೂ ಇವೆ. ದಂಡು ಕಟ್ಟಿಕೊಂಡು ಎದುರಾಳಿಯ ದಂಡಿನೊಡನೆ ಕಾದುವುದೇ ಆಟ. ದೊಡ್ಡ ಅಧಿಕೃತ ಪಂದ್ಯಗಳಲ್ಲಿ ಎರಡೆರಡು ಪ್ರಾಣಿಗಳು ಏಕಕಾಲದಲ್ಲಿ ಎದುರು ಬದುರಾಗುತ್ತವೆ. ನಾವು ಆಡುವುದು ಷೋಡೌನ್ ಎಂಬ ಉಚಿತ ಜಾಲತಾಣದಲ್ಲಿ, ಫೋನಿನ ಮೇಲೆ.

ಕಳೆದ ವರ್ಷ ಹೊಸದಾಗಿ ಸೇರಿದ ಹುಡುಗರಿಗೆ ಉಪಕಾರವಾಗಲೆಂದು ನಾನೊಂದು ಪಟ್ಟಿಯನ್ನು ಬರೆದು ಕೋಣೆಯ ಗೋಡೆಗೆ ಅಂಟಿಸಿದ್ದೆ. ‘ಆರಿಸಿಕೊಳ್ಳಕೂಡದ ಪ್ರಾಣಿಗಳು’ ಎಂದು ಅದರ ತಲೆಬರಹ. ಅದರಲ್ಲಿ ಮೊದಲ ಹೆಸರೇ ಟಾರ್ಕೋಲ್. ಇದು ಬೆನ್ನ ಮೇಲೆ ಹೊಗೆಯಾಡುವ ಒಂದು ಕೆಂಡದ ಆಮೆ. 2002ರ ಆಟದಲ್ಲಿ ಹುಟ್ಟಿದ್ದು. ಅದರ ವೇಗದ ಅಂಕ ಕೇವಲ 20. ಎಲ್ಲರ ಏಟನ್ನೂ ತಿಂದ ಮೇಲೆ ತನ್ನ ಸರದಿ ಬರುವ ಈ ಬಡಪಾಯಿಯನ್ನು ಯಾರು ತಾನೆ ದಂಡಿಗೆ ಸೇರಿಸಿಕೊಂಡಾರು? ಆದರೆ ಪ್ರಥಮ ವರ್ಷದ ಹುಡುಗನೊಬ್ಬ ಪಟ್ಟಿಯನ್ನು ಓದಿ, “ಅಣ್ಣಾ, ಈ ಆಮೆಯನ್ನು ನೀವು ಆಡಿಸಿ ನೋಡಿದ್ದೀರಾ?” ಎಂದು ಕೇಳಿದ. ಇಲ್ಲವೆಂದೆ. ಆ ರಾತ್ರಿಯೇ ಅದೇ ಆಮೆಯಿಂದ ನನ್ನ ವೇಗಶಾಲಿಗಳ ದಂಡನ್ನು ಅವನು ನಾಲ್ಕೇ ಸುತ್ತಿನಲ್ಲಿ ಸುಟ್ಟು ಬೂದಿ ಮಾಡಿದ.

ಸೋತ ಮೇಲೆ ಕುಳಿತು ವಿಚಾರಿಸಿದೆನು. ಟಾರ್ಕೋಲಿನ ವೇಗ 2002ರಲ್ಲಿ ಎಷ್ಟಿತ್ತೋ ಇಂದಿಗೂ ಅಷ್ಟೇ ಇದೆ. ಒಂದು ಅಂಕವನ್ನೂ ಯಾರೂ ದಾನ ಮಾಡಿಲ್ಲ. ಬದಲಾದದ್ದು ಸುತ್ತಣ ಲೋಕ. 2006ರಲ್ಲಿ ಟ್ರಿಕ್ ರೂಮ್ ಎಂಬ ತಂತ್ರ ಬಂದಿತು. ಅದನ್ನು ಹೂಡಿದರೆ ಐದು ಸುತ್ತುಗಳವರೆಗೆ ನಿಧಾನದವನೇ ಮೊದಲು ಹೊಡೆಯುತ್ತಾನೆ. 2016ರಲ್ಲಿ ಈ ಆಮೆಗೆ ಡ್ರೌಟ್ ಎಂಬ ಗುಣ ಲಭಿಸಿತು. ಅದು ಕಣಕ್ಕಿಳಿದೊಡನೆ ಬಿಸಿಲು ಕಾಯಲಾರಂಭಿಸಿ ಬೆಂಕಿಯ ಏಟು ಒಂದೂವರೆ ಪಟ್ಟಾಗುತ್ತದೆ. ಇರಪ್ಷನ್ ಎಂಬ ಅಗ್ನಿಪರ್ವತದ ಏಟಂತೂ ಅದು ಹಿಂದಿನಿಂದಲೇ ಕಲಿಯಬಲ್ಲ ವಿದ್ಯೆ. ಈ ಏಟು ಎದುರಿನ ಎರಡು ಪ್ರಾಣಿಗಳಿಗೂ ತಗಲುತ್ತದೆ. ಹೊಡೆಯುವವನ ಜೀವಬಲ ಪೂರ್ಣವಾಗಿದ್ದರೆ ಅದರ ಶಕ್ತಿ 150, ಗಾಯವಾದಷ್ಟೂ ಶಕ್ತಿ ಇಳಿಯುತ್ತದೆ. ಹಿಂದೆ ಆಮೆಯು ಏಟು ತಿಂದು, ಬಸವಳಿದು, ಅನಂತರ ಹೊಡೆಯಬೇಕಾಗಿದ್ದುದರಿಂದ ಆ ವಿದ್ಯೆಗೆ ಬೆಲೆಯಿರಲಿಲ್ಲ. ಈಗ ಮೊದಲ ಏಟು ಅದರದೇ, ಅದೂ ಪೂರ್ಣ ಶಕ್ತಿಯಲ್ಲಿ.

ಇನ್ನೂ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಪೆಲಿಪ್ಪರ್ ಎಂಬ ಹೆಜ್ಜಾರ್ಲೆಯೂ ಟಾರ್ಕೋಲಿನಂತೆಯೇ 2002ರಲ್ಲಿ ಹುಟ್ಟಿ, 2016ರಲ್ಲಿಯೇ ಮಳೆ ತರುವ ಗುಣವನ್ನು ಪಡೆಯಿತು. ಇವೆರಡೂ ಒಂದೇ ಕ್ಷಣದಲ್ಲಿ ಕಣಕ್ಕಿಳಿದರೆ ಮಳೆಯೋ ಬಿಸಿಲೋ? ವೇಗಿಯ ಗುಣ ಮೊದಲು ಕೆಲಸ ಮಾಡುತ್ತದೆ, ನಿಧಾನಿಯದು ಆಮೇಲೆ. ಆಮೇಲೆ ಬಂದದ್ದೇ ನಿಲ್ಲುತ್ತದೆ. ಮಳೆ ಬಂದು ಹೋಗಿ ಬಿಸಿಲೇ ಉಳಿಯುತ್ತದೆ! ನಾನು ಯಾವ ದೋಷಕ್ಕಾಗಿ ಆಮೆಯನ್ನು ಪಟ್ಟಿಗೆ ಹಾಕಿದ್ದೆನೋ ಆ ದೋಷವೇ ಇಲ್ಲಿ ಅದರ ಆಯುಧ. ಮೊಲ ಆಮೆಗಳ ಕಥೆಯನ್ನು ದಯವಿಟ್ಟು ಯಾರೂ ನೆನಪಿಸಬೇಡಿ. ಆ ಕಥೆಯ ಆಮೆ ಗೆದ್ದದ್ದು ಮೊಲ ಮಲಗಿದ್ದರಿಂದ, ಇದು ಗೆಲ್ಲುವುದು ಮೊಲ ಕಣ್ಣು ಬಿಟ್ಟುಕೊಂಡಿರುವಾಗಲೇ.

ಇದೊಂದೇ ಉದಾಹರಣೆಯಾಗಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. 2006ಕ್ಕೆ ಮುಂಚೆ ಒಂದು ವಿಚಿತ್ರ ಕಟ್ಟಳೆಯಿತ್ತು. ಏಟು ದೇಹಬಲದ್ದೋ ವಿಶೇಷವೋ ಎಂಬುದನ್ನು ಅದರ ಜಾತಿಯೇ ನಿರ್ಧರಿಸುತ್ತಿತ್ತು. ನೀರಿನ ಏಟೆಲ್ಲ ವಿಶೇಷ, ಭೂತದ ಏಟೆಲ್ಲ ದೇಹಬಲದ್ದು. ಇದರಿಂದಾದ ಅನ್ಯಾಯವನ್ನು ನೋಡಿ. 1996ರಿಂದ ಇರುವ ಗ್ಯಾರಡಾಸ್ ಎಂಬ ಉಗ್ರ ಜಲಸರ್ಪದ ದೇಹಬಲ 125. ಆದರೆ ತನ್ನ ಸ್ವಂತ ಜಾತಿಯಾದ ನೀರಿನಿಂದ ಹೊಡೆಯುವಾಗ, 1999ರ ಆಟದಿಂದ ಮೊದಲ್ಗೊಂಡು, ಅದು 60ರ ವಿಶೇಷ ಬಲವನ್ನೇ ನೆಚ್ಚಬೇಕಾಗಿತ್ತು. ಗೆಂಗಾರ್ ಎಂಬ ಭೂತಕ್ಕೆ ವಿಶೇಷ ಬಲ 130, ದೇಹಬಲ 65. ಅದಕ್ಕೆ ಒದಗಿದ ಭೂತದ ಏಟು ದೇಹಬಲದ್ದು. ಅಜುಮರಿಲ್ ಎಂಬ ನೀರುಮೊಲದ ಪಾಡು ಇನ್ನೂ ಕನಿಕರ ತರುವಂಥದು. 2002ರಲ್ಲಿ ಅದಕ್ಕೆ ದೇಹಬಲವನ್ನು ಇಮ್ಮಡಿಸುವ ಗುಣ ಬಂದಿತಾದರೂ ಅದರ ನೀರಿನ ಏಟಿಗೆ ಆ ಗುಣ ಎಳ್ಳಷ್ಟೂ ನೆರವಾಗುತ್ತಿರಲಿಲ್ಲ. ಜೇಬಿನ ತುಂಬ ನಾಣ್ಯವಿದ್ದರೂ ಯಾವ ಅಂಗಡಿಯಲ್ಲಿಯೂ ಅದು ಚಲಾವಣೆಯಾಗದ ಸ್ಥಿತಿ! 2006ರಲ್ಲಿ ಕಟ್ಟಳೆ ತಿದ್ದಲ್ಪಟ್ಟು, ಒಂದೊಂದು ಏಟಿನ ಸ್ವಭಾವವನ್ನೂ ಪ್ರತ್ಯೇಕವಾಗಿ ಗೊತ್ತುಮಾಡಿದರು. ಆ ದಿನ ಈ ಮೂರೂ ಮರುಹುಟ್ಟು ಪಡೆದವು. ಅವುಗಳ ಮೈಯಲ್ಲಿಲ್ಲದ್ದನ್ನು ಯಾರೂ ಕೊಡಲಿಲ್ಲ. ಇದ್ದದ್ದನ್ನು ಬಳಸಲು ಬಿಟ್ಟರು, ಅಷ್ಟೆ. ಇದನ್ನು ದಾಕ್ಷಿಣ್ಯವೆಂದು ಕರೆಯುವುದು ಹೇಗೆ?

ದಾಕ್ಷಿಣ್ಯ ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅದು ಯಾವ ರೂಪದಲ್ಲಿರುತ್ತದೆಂಬುದಕ್ಕೆ ಬೀಡ್ರಿಲ್ ಎಂಬ ಕಣಜವನ್ನು ನೋಡಿದರಾಯಿತು. 1996ರ ಈ ಹಳೆಯ ಹುಳುವಿಗೆ 2013ರಲ್ಲಿ ದೇಹಬಲವನ್ನು 80ರಿಂದ 90ಕ್ಕೆ ಏರಿಸಿದರು. ಯಾರ ದಂಡಿನಲ್ಲಾದರೂ ಅದರಿಂದ ಅದಕ್ಕೆ ಸ್ಥಾನ ದೊರೆಯಿತೇ? ಮರುವರ್ಷ ಅದಕ್ಕೆ ‘ಮೆಗಾ’ ಎಂಬ ತಾತ್ಕಾಲಿಕ ಮಹಾರೂಪವನ್ನೂ ಕೊಟ್ಟರು. 2002ರ ಮಾವೈಲಿಗೆ ಒಂದು ವರ್ಷ ಮುಂಚೆಯೇ ಅದು ಸಿಕ್ಕಿ, ಅದರ ಏಟಿಗೆ ಎಲ್ಲರೂ ನಡುಗಿದ್ದುಂಟು. ಆದರೆ ಎರವಲು ತಂದ ಒಡವೆಯಲ್ಲವೆ? 2019ರ ಆಟದಲ್ಲಿ ಮೆಗಾ ವ್ಯವಸ್ಥೆಯೇ ಇರಲಿಲ್ಲ. ಮಾವೈಲ್ ಮತ್ತೆ ಮೂಲೆ ಸೇರಿತು. 2025ರ ಲೆಜೆಂಡ್ಸ್ ಝಡ್-ಎ ಆಟದಲ್ಲಿ ಆ ರೂಪಗಳು ಮರಳಿವೆ, ನಿಜ. ಕೊಟ್ಟವರೇ ಕಿತ್ತುಕೊಂಡು ಮತ್ತೆ ಕೊಟ್ಟದ್ದನ್ನು ಸ್ವಂತ ಬಲವೆನ್ನಲು ನನಗೆ ಮನಸ್ಸು ಬಾರದು. ಇನ್ನು ಬೀಡ್ರಿಲ್? 2019ರ ಸ್ವೋರ್ಡ್-ಶೀಲ್ಡಿನಲ್ಲಿಯೂ 2022ರ ಸ್ಕಾರ್ಲೆಟ್-ವಯೊಲೆಟ್ಟಿನಲ್ಲಿಯೂ ಅದಕ್ಕೆ ಪ್ರವೇಶವೇ ಇಲ್ಲ. ಎರಡೂ ಆಟಗಳು ಮೊದಲು ಬಂದಾಗ ಒಳಗೆ ಬಿಟ್ಟದ್ದು 400 ಪ್ರಾಣಿಗಳನ್ನು ಮಾತ್ರ. ಒಂದು ಊಟದಲ್ಲಿ ಒಂದು ಮಿಳ್ಳೆ ತುಪ್ಪ ಹೆಚ್ಚು ಬಡಿಸಿ, ಮುಂದಿನೆರಡು ಊಟಗಳಿಗೆ ಎಲೆಯನ್ನೇ ಹಾಕದಿದ್ದಂತಾಯಿತು.

ಹೊಸ ನಿಯಮಗಳೆಲ್ಲ ಬಡವರ ಪಾಲಿಗೇ ಒದಗುತ್ತವೆಂದೂ ಭಾವಿಸಬಾರದು. 2022ರ ಆಟದಲ್ಲಿ ಕಾಳಗಕ್ಕೊಮ್ಮೆ ಒಂದು ಪ್ರಾಣಿ ತನ್ನ ಜಾತಿಯನ್ನೇ ಬದಲಿಸಿಕೊಳ್ಳಬಹುದು. ಇದಕ್ಕೆ ಟೆರಾ ಎನ್ನುತ್ತಾರೆ. ಸ್ವಂತ ಜಾತಿಯ ಏಟಿಗೆ ಒಂದೂವರೆ ಪಟ್ಟು ಬಲವುಂಟು. ಡ್ರಾಗನೈಟಿಗೆ ಎಕ್ಸ್‌ಟ್ರೀಮ್ ಸ್ಪೀಡ್ ಎಂಬ, ಎದುರಾಳಿ ಕೈಯೆತ್ತುವ ಮೊದಲೇ ತಗಲುವ ಏಟಿದೆ. ಅದು ಸಾಮಾನ್ಯ ಜಾತಿಯದಾದ್ದರಿಂದ ಹಿಂದೆ ಈ ಲಾಭವಿರಲಿಲ್ಲ, ಈಗ ಸಾಮಾನ್ಯ ಜಾತಿಗೆ ತಿರುಗಿ ಅದನ್ನೂ ಪಡೆಯುತ್ತದೆ. ಡ್ರಾಗನೈಟ್ ಹಳೆಯದೆಂಬುದು ಸತ್ಯ, ಆದರೆ ಅದು ಎಂದು ದುರ್ಬಲವಾಗಿತ್ತು? ಉಳ್ಳವನ ಕಣಜಕ್ಕೇ ಮಳೆಗಾಲದ ಧಾನ್ಯವೂ ಸೇರಿದಂತೆ ಇದು. ನನಗೆ ಇದರಲ್ಲಿ ಸಂತೋಷವಿಲ್ಲ.

ಸಂದೇಹಕ್ಕೆಡೆಗೊಡುವುದು ವಂಶೋದ್ಧಾರಕರ ವಿಚಾರ. 1996ರ ಪ್ರೈಮೇಪ್ ಎಂಬ ಮುಂಗೋಪಿ ಕೋತಿಗೆ 26 ವರ್ಷಗಳ ಮೇಲೆ, 2022ರಲ್ಲಿ, ಆನಿಹಿಲೇಪ್ ಎಂಬ ಮುಂದಿನ ರೂಪ ದೊರೆಯಿತು. 1999ರ ಜಿರಾಫರಿಗ್‌ಗೆ ಅದೇ ಆಟದಲ್ಲಿ ಫಾರಿಗಿರಾಫ್ ದೊರೆಯಿತು. ನನ್ನನ್ನು ಸೋಲಿಸಿದ ಆ ಹುಡುಗನ ಆಮೆಗೆ ಟ್ರಿಕ್ ರೂಮ್ ಹೂಡಿಕೊಟ್ಟದ್ದು ಈ ಫಾರಿಗಿರಾಫೇ. ಇಲ್ಲಿ ಬಲ ಬಂದದ್ದು ಹಳೆಯದಕ್ಕೋ, ಹಳೆಯದರ ಹೆಸರು ಹೊತ್ತ ಹೊಸದಕ್ಕೋ? ಪ್ರೈಮೇಪಿನ ಮಟ್ಟಿಗೆ ನಾನು ಹಳೆಯದಕ್ಕೇ ಎನ್ನುತ್ತೇನೆ. ಏಟು ತಿಂದಷ್ಟೂ ಬಲಿಯುವ ಕ್ರೋಧದ ಗುದ್ದನ್ನು ಪ್ರೈಮೇಪೇ ಕಲಿತು, ಅದನ್ನು ಇಪ್ಪತ್ತು ಸಲ ಪ್ರಯೋಗಿಸಿದ ಮೇಲಲ್ಲದೆ ಮುಂದಿನ ರೂಪ ದೊರಕದು. ಜಿರಾಫರಿಗ್‌ನ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ.

ಹಾಗಾದರೆ ನಾನೇಕೆ ಆಮೆಯನ್ನು ಆಡಿಸಿ ನೋಡದೆ ಪಟ್ಟಿಗೆ ಸೇರಿಸಿದೆ? ಏಕೆಂದರೆ ಜಾಲತಾಣದ ದರ್ಜೆಪಟ್ಟಿಗಳನ್ನು ನೋಡಿ ನಕಲು ಮಾಡಿದ್ದೆ. ಆ ದರ್ಜೆಗಳು ಮುಖ್ಯವಾಗಿ ಎಷ್ಟು ಜನ ಯಾವ ಪ್ರಾಣಿಯನ್ನು ಬಳಸುತ್ತಾರೆಂಬ ಎಣಿಕೆಯ ಮೇಲೆ ನಿಂತವು. ಅದೂ ಒಬ್ಬಂಟಿ ಕಾಳಗದ ಎಣಿಕೆ. ಬಳಸುವವರಿಲ್ಲದ್ದರಿಂದ ಕೆಳದರ್ಜೆ, ಕೆಳದರ್ಜೆಯೆಂದು ಬಳಸುವವರಿಲ್ಲ. ಬಿ.ಎ.ಗೆ ಸೇರಿದ ನಮ್ಮಲ್ಲಿ ಯಾರಿಗೆ ಈ ತರ್ಕ ಅಪರಿಚಿತ? ನೆಂಟರ ಮನೆಯ ಮದುವೆಗಳಲ್ಲಿ ನಾನು ಇದನ್ನು ಧಾರಾಳವಾಗಿ ಕೇಳಿದ್ದೇನೆ, ಕೇಳಿ ಕುದಿದಿದ್ದೇನೆ. ಕುದಿದವನೇ ಬಂದು ಗೋಡೆಗೆ ಪಟ್ಟಿ ಅಂಟಿಸಿದೆ. 2014ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ವಿಶ್ವಪಂದ್ಯದಲ್ಲಿ ದಕ್ಷಿಣ ಕೊರಿಯದ ಸೆಜುನ್ ಪಾರ್ಕ್ ಅವರು ಪಾಚಿರಿಸು ಎಂಬ ಅಳಿಲನ್ನು ತಂದು ಗೆದ್ದರು. 2006ರಲ್ಲಿ ಹುಟ್ಟಿದ, ಮುದ್ದಿಗಲ್ಲದೆ ಕಾಳಗಕ್ಕೆ ಯಾರೂ ಎಣಿಸದಿದ್ದ ಪ್ರಾಣಿ ಅದು. ಎದುರಾಳಿಯ ಏಟುಗಳನ್ನು ತನ್ನ ಕಡೆಗೆ ಸೆಳೆದುಕೊಂಡು ಜೊತೆಗಾರನನ್ನು ಕಾಪಾಡುವುದಷ್ಟೇ ಅದರ ಮುಖ್ಯ ಕೆಲಸ. ಅವರು ಎಣಿಕೆಯ ಪಟ್ಟಿಯನ್ನು ನಂಬಿ ಕುಳಿತಿದ್ದರೆ ಆ ಅಳಿಲು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ನನ್ನ ಪಟ್ಟಿಯನ್ನು ಕಿತ್ತುಹಾಕಿದ್ದೇನೆ. ಕೋಣೆಯ ಮಿತ್ರ ಮಾತ್ರ ಇನ್ನೂ ಒಪ್ಪಿಲ್ಲ. ಷೋಡೌನಿನಲ್ಲಿ ಹಳೆಯ ಆಟಗಳ ಕಟ್ಟಳೆಯಂತೆಯೂ ಕಾದಲು ಅವಕಾಶವಿರುವುದರಿಂದ, ಬರುವ ಭಾನುವಾರ 2002ರ ಕಟ್ಟಳೆಯಲ್ಲಿ ಒಂದು, ಈಗಿನದರಲ್ಲಿ ಒಂದು, ಹೀಗೆ ಎರಡು ಪಂದ್ಯಗಳು ಗೊತ್ತಾಗಿವೆ. ಎರಡರಲ್ಲಿಯೂ ನನ್ನ ಮುಂದಾಳು ಗ್ಯಾರಡಾಸ್.